ಕೆಂಪುಕಲ್ಲು ಕುಯ್ದ ಗುಂಡೀಲಿ ಹುಲ್ಲು: ನಾಲ್ಕು ವರ್ಷದ ಲೆಕ್ಕ

ನಮ್ದು ಸಾಗರ ತಾಲೂಕು, ಆನಂದಪುರದ ಕಡೆ. ಮನೆ ಹಿಂದೆ 1 ಎಕರೆ 30 ಗುಂಟೆ ಜಾಗ ಇದೆ, ಮುಂಚೆ ಅದು ಬ್ಯಾಣ, ಮಳೆಗಾಲದಲ್ಲಿ ಸೊಂಟದೆತ್ತರ ಹುಲ್ಲು ಬರ್ತಿತ್ತು, ದೀಪಾವಳಿ ಕಳೆದ್ಮೇಲೆ ಕರಡ (ಒಣಗಿದ ಹುಲ್ಲು) ಕುಯ್ದು ಹೊರೆ ಕಟ್ತಿದ್ವಿ. 2009ರಲ್ಲಿ ಅಪ್ಪಯ್ಯ ಅದನ್ನ ಕೆಂಪುಕಲ್ಲು ತೆಗೆಯೋಕೆ ಕೊಟ್ರು, ಆಗ ಮನೇಲಿ ದುಡ್ಡಿನ ಅಗತ್ಯ ಇತ್ತು. 2017ಕ್ಕೆ ಕಲ್ಲು ಮುಗೀತು, ಕುಯ್ಯೋರು ಮಿಷನ್ನು ಎತ್ಕೊಂಡು ಹೋದ್ರು. ಗುಂಡಿ ಮುಚ್ಚಿಕೊಡ್ತೀವಿ ಅಂತ ಬಾಯಿಮಾತು ಇತ್ತು, ಅದು ಆಗ್ಲಿಲ್ಲ. ಉಳಿದಿದ್ದು ಇಷ್ಟು: ಒಂದು ಮೂಲೇಲಿ 40 ಮೀಟರ್ ಉದ್ದ 25 ಮೀಟರ್ ಅಗಲದ ಆಳದ ಗುಂಡಿ, ಅದರ ಪಕ್ಕ ಸುಮಾರು 45 ಗುಂಟೆ ಕಲ್ಲಿನ ನೆಲ, ಸುತ್ತ ನೆಟ್ಟಗೆ ಕುಯ್ದ ಕೆಂಪು ಗೋಡೆ, ಅಂಚಿಗೆ ತಳ್ಳಿಟ್ಟ ಮೇಲ್ಮಣ್ಣಿನ ರಾಶಿ, ಆ ರಾಶಿ ಮೇಲೆ ಲಂಟಾನ, ಯುಪಟೋರಿಯಂ, ನಾಲ್ಕು ಅಕೇಶಿಯಾ.

ಇದನ್ನ ಮತ್ತೆ ಹುಲ್ಲಿನ ಜಾಗ ಮಾಡ್ಲೇಬೇಕು ಅಂತ ಹಟ ಬಂದಿದ್ದು ಅಮ್ಮನಿಂದ. ಡಿಸೆಂಬರಿಂದ ಮೇ ತನಕ ನಮ್ಮ ಕಡೆ ಹಸಿರು ಅನ್ನೋದು ಕಾಡೊಳಗೆ ಮಾತ್ರ, ದನ ಹೊಡ್ಕೊಂಡು ಅಮ್ಮ ದಿನಾ ಕಾಡಿಗೆ ಹೋಗೋರು, ಸೊಪ್ಪು, ದರಕು (ಒಣ ಎಲೆ) ತರೋಕೂ ಅವರೇ. ಅದೇ ಆರು ತಿಂಗಳು ಉಣುಗಿನ ಕಾಲ, ಅದು ಕಚ್ಚಿ ಬರೋ ಮಂಗನ ಕಾಯಿಲೆ ಕಾಲ. ಈ ಕಾಯಿಲೆ ಗುರುತು ಸಿಕ್ಕಿದ್ದೇ ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಲ್ಲಿ, 1957ರಲ್ಲಿ. 2018ರ ಕೊನೆಗೆ ನಮ್ಮ ತಾಲೂಕಿನದೇ ಅರಳಗೋಡಲ್ಲಿ ಜ್ವರ ಬಂದು ಸಾವುಗಳಾದ್ವಲ್ಲ, ಅದಾದ್ಮೇಲೆ ಅಮ್ಮ ಕಾಡಿಂದ ಬಂದು ಸೀರೆ ನೆರಿಗೆ ಬಿಡಿಸಿ ಉಣುಗು ಹುಡುಕ್ತಾ ಕೂತಿದ್ದನ್ನ ನೋಡಿದ್ರೆ ನನಗೆ ಊಟ ಸೇರ್ತಿರ್ಲಿಲ್ಲ. ಆರೋಗ್ಯ ಇಲಾಖೆಯವರು ಕೊಡೋ, ಉಣುಗು ಹತ್ತದಂತೆ ಮೈಗೆ ಹಚ್ಚೋ ಎಣ್ಣೆ ಹಚ್ಕೊಂಡೇ ಹೋಗೋರು, ಆದ್ರೂ. ದನಕ್ಕೆ ಈ ಕಾಯಿಲೆ ಬಾಧಿಸಲ್ಲ, ಆದ್ರೆ ಉಣುಗು ರಕ್ತ ಕುಡಿದು ಬೆಳೆಯೋದು ದನದ ಮೈ ಮೇಲೆ, ಕಾಡಿಂದ ಕೊಟ್ಟಿಗೆಗೆ ಸವಾರಿ ಮಾಡ್ಕೊಂಡು ಬರೋದೂ ದನದ ಮೇಲೇ. ಹಾಗಾಗಿ ನನ್ನ ಗುರಿ ಒಂದೇ ಇತ್ತು, ಡಿಸೆಂಬರ್ ಮಧ್ಯದಿಂದ ಮೇ ಮಧ್ಯದ ತನಕ, 150 ದಿನ, ನಮ್ಮ ದನ ನಮ್ಮ ಬೇಲಿ ಒಳಗೇ ಹಸಿರು ತಿನ್ಬೇಕು.

ಮೊದಲ ಸಲ 2020 ಸೆಪ್ಟೆಂಬರಲ್ಲಿ ಶುರು ಮಾಡಿದ್ದು, ಪೂರ್ತಿ ಹಾಳಾಯ್ತು, ಅದನ್ನ ಬಿಡಿಸಿ ಬರೀತೀನಿ ಯಾಕಂದ್ರೆ ಕ್ವಾರಿ ಜಾಗ ಇರೋರು ತುಂಬಾ ಜನ ಇದೇ ತಪ್ಪು ಮಾಡ್ತಿರೋದನ್ನ ನೋಡಿದೀನಿ. ಗುಂಡಿ ತುಂಬ ನೀರಿದೆ, ನೆಲ ಸಮ ಇದೆ, ಸಿಒ-4 ನೇಪಿಯರ್ ಅನ್ನೋ ಮೇವಿನ ಹುಲ್ಲಿನ ತುಂಡು ಪಕ್ಕದೂರಲ್ಲಿ ಸಿಕ್ತು, ಇನ್ನೇನು ಬೇಕು ಅಂದ್ಕೊಂಡೆ. ಮಣ್ಣಿನ ರಾಶೀನ ಜೆಸಿಬೀಲಿ 40 ಗುಂಟೆಗೂ ಮೂರು ನಾಲ್ಕು ಇಂಚು ಹರವಿಸಿ, ಒಂದೊಂದು ಅಡಿ ಗುಣಿ ಕುಟ್ಟಿ, ಒಂದು ಪುಟ್ಟಿ ಗೊಬ್ಬರ ಹಾಕಿ ತುಂಡು ನೆಟ್ಟೆ. ಮೇಲೆ ಮೀಟರ್ ಬೋರ್ಡ್ ಇದ್ದಲ್ಲೇ 3 ಎಚ್‌ಪಿ ಮೋಟರ್ ಕೂರಿಸಿದೆ, 63 ಎಂಎಂ ಪೈಪಿಗೆ ಸ್ಪ್ರಿಂಕ್ಲರ್ ಹಾಕಿದೆ. ನೀರು ಬಿಡೋ ಪದ್ಧತಿ ಅಡಿಕೆ ತೋಟದ್ದೇ, ಎಂಟು ದಿನಕ್ಕೊಂದು ಸಲ, ಬಿಟ್ರೆ ನಾಲ್ಕು ಗಂಟೆ. ಅಪ್ಪಯ್ಯ ನಲವತ್ತು ವರ್ಷ ತೋಟಕ್ಕೆ ಹಾಗೇ ಬಿಟ್ಟು ರೂಢಿ, ನನಗೂ ಬೇರೆ ಗೊತ್ತಿರ್ಲಿಲ್ಲ.

ಜನವರಿ ಹೊತ್ತಿಗೆ ಹುಲ್ಲು ಹಳದಿ. ನೀರು ಬಿಟ್ಟ ದಿನ, ಮಾರನೇ ದಿನ ಚೆನ್ನಾಗಿ ಕಾಣೋದು, ನಾಲ್ಕನೇ ದಿನಕ್ಕೆ ಎಲೆ ಸುರುಳಿ ಸುತ್ಕೊಳ್ಳೋದು. ಗೊಬ್ಬರ ಸಾಲ್ದು ಅಂತ ಯೂರಿಯಾ ಕೊಟ್ಟೆ, ಎರಡು ವಾರ ಹಸಿರಾಗಿ ಮತ್ತೆ ಅದೇ. ಫೆಬ್ರವರಿ ಮೂರನೇ ವಾರ ಒಂದು ಬೆಳಿಗ್ಗೆ ಮೋಟರ್ ಆನ್ ಮಾಡಿದ್ರೆ ಸದ್ದು ಬರ್ತಿದೆ ನೀರು ಬರ್ತಿಲ್ಲ. ಫುಟ್‌ವಾಲ್ವ್ ಎತ್ತಿ ತೊಳೆದು ಹಾಕಿದೆ, ಪೈಪಿಗೆ ನೀರು ತುಂಬಿ ಗಾಳಿ ಬಿಡಿಸಿದೆ, ಒಂದು ನಿಮಿಷ ಎಳೆದು ಬಿಟ್ಟುಬಿಡ್ತು. ಆವತ್ತು ಸಿಟ್ಟಲ್ಲಿ ಗುಂಡಿ ಪಕ್ಕ ಕೂತು ಒಂದು ನೇಪಿಯರ್ ಬುಡ ಹಿಡಿದು ಎಳೆದೆ. ಕಿತ್ತು ಬಂತು, ಹಾರೆ ಗುದ್ದಲಿ ಏನೂ ಬೇಕಾಗ್ಲಿಲ್ಲ. ಬೇರು ನೋಡಿದ್ರೆ ಹೆಂಚಿನ ಮೇಲೆ ಹುಯ್ದ ದೋಸೆ ತರ ಚಪ್ಪಟೆ, ಕೆಳಗೆ ಒಂದೇ ಒಂದು ಬೇರು ಇಳಿದಿಲ್ಲ, ತುದಿಗಳೆಲ್ಲ ಮೊಂಡು, ದಪ್ಪ, ಕವಲೇ ಇಲ್ಲ. ಗುಣಿ ಒಳಗೆ ಕೈ ಹಾಕಿದ್ರೆ ತಳ ನುಣ್ಣಗೆ ಸಿಮೆಂಟ್ ನೆಲದ ಹಾಗೆ. ಅಲ್ಲಿಗೆ ಅರ್ಥ ಆಯ್ತು, ನಾನು ಹುಲ್ಲು ನೆಟ್ಟಿದ್ದು ಮಣ್ಣಲ್ಲಿ ಅಲ್ಲ, ಬಂಡೆ ಮೇಲಿಟ್ಟ ಕುಂಡದಲ್ಲಿ, ಆ ಕುಂಡಕ್ಕೆ ತೂತೂ ಇಲ್ಲ.

ಮಣ್ಣನ್ನ ಶಿವಮೊಗ್ಗ ನವಿಲೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟು ಬಂದೆ. ಪಿಎಚ್ 4.8, ಅಂದ್ರೆ ಮಣ್ಣು ಹುಳಿ, ಸಾವಯವ ಇಂಗಾಲ ಕಾಲು ಪರ್ಸೆಂಟೂ ಇಲ್ಲ, ರಂಜಕ ತೀರಾ ಕಮ್ಮಿ. ಕೆಂಪುಕಲ್ಲು ಹುಟ್ಟೋದೇ ಹಾಗೆ, ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಬೇರೆಲ್ಲ ತೊಳೆದು ಹೋಗಿ ಕಬ್ಬಿಣ ಅಲ್ಯೂಮಿನಿಯಂ ಉಳ್ಕೊಂಡಿರೋ ಕಲ್ಲು ಅದು. ನೆಲದಲ್ಲಿದ್ದಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ್ಮೇಲೆ ಗಟ್ಟಿ, ಅದಕ್ಕೇ ಮನೆ ಕಟ್ಟೋಕೆ ಒಳ್ಳೇದು, ಅದಕ್ಕೇ ಕ್ವಾರಿ ನೆಲ ವರ್ಷ ಹೋದಷ್ಟೂ ಬಿರುಸು. ಪಿಎಚ್ ಐದಕ್ಕಿಂತ ಕೆಳಗಿದ್ರೆ ಅಲ್ಯೂಮಿನಿಯಂ ನೀರಲ್ಲಿ ಕರಗಿ ಬೇರಿನ ತುದಿ ಸುಡುತ್ತೆ, ನಾನು ನೋಡಿದ ಮೊಂಡು ಬೇರು ಅದೇ. ಜೊತೆಗೆ ಹಾಕಿದ ರಂಜಕ ಗೊಬ್ಬರಾನ ಕಬ್ಬಿಣ ಅಲ್ಯೂಮಿನಿಯಂ ಹಿಡ್ಕೊಂಡು ಗಿಡಕ್ಕೆ ಬಿಡಲ್ಲ. ಗಣಿ ಮಾಡೋ ಕಡೆ ಮೊದ್ಲೇ ಮೇಲ್ಮಣ್ಣು ಬೇರೆ ತೆಗೆದಿಟ್ಟು ಕೊನೆಗೆ ಅದನ್ನೇ ವಾಪಸ್ ಹರವಬೇಕು ಅನ್ನೋದು ಸರಿಯಾದ ಕ್ರಮ. ನಮ್ಮಲ್ಲಿ ಮೇಲ್ಮಣ್ಣು, ಕಲ್ಲು ಚಕ್ಕೆ, ಮಿಷನ್ನಿನ ಕೆಂಪು ಪುಡಿ ಎಲ್ಲಾ ಒಂದೇ ರಾಶಿ ಮಾಡಿದ್ರು. ಕಲ್ಲು ತೆಗೆಯೋಕೆ ಜಾಗ ಕೊಡೋರು ಯಾರಾದ್ರೂ ಇದನ್ನ ಓದ್ತಿದ್ರೆ, ಮೇಲಿನ ಒಂದು ಅಡಿ ಮಣ್ಣು ಬೇರೆ ಇಡಬೇಕು ಅಂತ ಕಾಗದದಲ್ಲೇ ಬರೆಸ್ಕೊಳಿ, ದಯವಿಟ್ಟು.

2021 ಮಾರ್ಚಲ್ಲಿ ಗುಂಡಿ ತಳ ಕಂಡಿತ್ತು, ಕೆಲಸಕ್ಕೆ ಅದೇ ಒಳ್ಳೇ ಸಮಯ ಆಯ್ತು. ಈ ಸಲ 40 ಗುಂಟೆ ಆಸೆ ಬಿಟ್ಟು 20 ಗುಂಟೆ ಅಂತ ಗೆರೆ ಹಾಕಿದೆ, ಯಾಕೆ ಇಪ್ಪತ್ತೇ ಅಂತ ಮುಂದೆ ಹೇಳ್ತೀನಿ. ಹರವಿದ್ದ ಮಣ್ಣನ್ನ ಪಕ್ಕಕ್ಕೆ ಎಳೆಸಿ ಹಿಟಾಚಿಗೆ ಒಂಟಿ ಹಲ್ಲಿನ ರಿಪ್ಪರ್ ಹಾಕ್ಸಿ ನೆಲ ಸೀಳಿಸಿದ್ದು, ಮೀಟರಿಗೊಂದು ಸೀಳು, ಆಳ ಒಂದೂವರೆಯಿಂದ ಎರಡು ಅಡಿ. ಸೀಳು ಎಲ್ಲಾ ಒಂದೇ ದಿಕ್ಕಿಗೆ, 100 ಅಡಿಗೆ ಒಂದು ಅಡಿ ಇಳಿಜಾರು ಬರೋ ಹಾಗೆ ಟ್ಯೂಬ್ ಲೆವೆಲ್ಲಲ್ಲಿ ಗೂಟ ಹೊಡೆದು ಕೊಟ್ಟಿದ್ದೆ, ಕೆಳ ತುದೀಲಿ ಎರಡು ಅಡಿ ಆಳದ ಬಸಿಗಾಲುವೆ, ಅದು ಹೋಗಿ ಗುಂಡಿಗೆ ಬೀಳುತ್ತೆ. ಇಳಿಜಾರು ಇಲ್ದೆ ಸುಮ್ನೆ ಸೀಳಿದ್ರೆ ಮಳೆಗಾಲದಲ್ಲಿ ಒಂದೊಂದು ಸೀಳೂ ಒಂದೊಂದು ತೊಟ್ಟಿ ಆಗುತ್ತೆ, ನಮ್ಮಲ್ಲಿ ಬೀಳೋದು ಜೋರು ಮಳೆ. ಇದರ ಮೇಲೆ ಅರ್ಧ ಅಡಿ ಮಣ್ಣು ಬೇಕು. 20 ಗುಂಟೆಗೆ ಅರ್ಧ ಅಡಿ ಅಂದ್ರೆ 308 ಘನ ಮೀಟರ್, ಟ್ರ್ಯಾಕ್ಟರ್ ಟ್ರೇಲರಿಗೆ 100 ಘನ ಅಡಿ ಲೆಕ್ಕದಲ್ಲಿ 109 ಲೋಡು. ಅರ್ಧ ನಮ್ಮ ರಾಶಿಯಿಂದಲೇ ಜರಡಿ ಹಿಡಿದು ತೆಗೆದ್ವಿ, ಇನ್ನರ್ಧ ಊರ ಕೆರೆ ಹೂಳು ತೆಗೀತಿದ್ರು, ಆ ಗೋಡು ತಂದ್ವಿ. ಆ ಗೋಡು ಬಂದಿದ್ದು ನಮ್ಮ ಪುಣ್ಯ. ಕೈಲಿ ಹಿಡಿದು ಹಿಂಡಿದ್ರೆ ಉಂಡೆ ಆಗೋದು, ರಾಶಿಯ ಮಣ್ಣು ಹಿಂಡಿದ್ರೆ ಬೆರಳ ಸಂದೀಲಿ ಉದುರಿ ಹೋಗೋದು.

ರಂಜಕಕ್ಕೆ ರಾಕ್ ಫಾಸ್ಫೇಟ್ 100 ಕೇಜಿ ಹಾಕಿದೆ, ಮೇ ಕೊನೇಲಿ ಮೊದಲ ಮಳೆಗೆ. ಸುಣ್ಣ ಆಗ ಹಾಕ್ಲಿಲ್ಲ. ರಾಕ್ ಫಾಸ್ಫೇಟ್ ಕರಗೋಕೆ ಹುಳಿ ಮಣ್ಣೇ ಬೇಕು, ಸುಣ್ಣ ಹಾಕಿದ್ರೆ ಹುಳಿ ಇಳಿದು ಅದು ಕರಗೋದು ನಿಧಾನ ಆಗುತ್ತೆ, ಎರಡನ್ನೂ ಒಟ್ಟಿಗೆ ಎರಚಿದ್ರೆ ದುಡ್ಡು ದಂಡ. ಜೂನಲ್ಲಿ ಹಸಿರೆಲೆ ಗೊಬ್ಬರಕ್ಕೆ ಅಂತ ಸೆಣಬು ಬಿತ್ತಿ, ಹೂವು ಬರೋ ಮುಂಚೆ 45 ದಿನಕ್ಕೆ ಅಲ್ಲೇ ಮಗುಚಿ, ಕೊಟ್ಟಿಗೆ ಗೊಬ್ಬರ ಹನ್ನೆರಡು ಲೋಡು ಸೇರಿಸಿ, ಆಗಸ್ಟ್ ಕೊನೇಲಿ ಕೃಷಿ ಸುಣ್ಣ 500 ಕೇಜಿ ಕೊಟ್ಟೆ. ಸೆಣಬಿಂದ ಇನ್ನೊಂದು ಉಪಕಾರ ಆಯ್ತು. ಅದಕ್ಕೆ ನೀರು ನಿಂತ್ರೆ ಆಗಲ್ಲ, ಎರಡು ಕಡೆ ದುಂಡಗೆ ಸತ್ತು ಹೋಯ್ತು, ಎಲ್ಲೆಲ್ಲಿ ಸತ್ತಿತ್ತೋ ಅಲ್ಲೆಲ್ಲಾ ಗೂಟ ಹೊಡೆದೆ, ಕೆಳಗೆ ಅಗೆದು ನೋಡಿದ್ರೆ ಸೀಳು ಮಧ್ಯದಲ್ಲಿ ಕಡಿದು ಹೋಗಿತ್ತು, ರಿಪ್ಪರ್ ಹಲ್ಲು ಗಟ್ಟಿ ಕಲ್ಲಿಗೆ ಹತ್ತಿ ಮೇಲೆದ್ದಿತ್ತು ಅಲ್ಲಿ. ಹಾರೆಯಲ್ಲಿ ಹೊಡೆದು ದಾರಿ ಬಿಡಿಸಿದ್ವಿ, ಎರಡು ಆಳಿಗೆ ಮೂರು ದಿನ.

ಈಗ ನೀರಿನ ಲೆಕ್ಕ. ಇದನ್ನ ಮೊದಲ ವರ್ಷವೇ ಮಾಡಿದ್ರೆ ಇಷ್ಟು ಕಷ್ಟ ಇರ್ಲಿಲ್ಲ. ಕ್ವಾರಿ ಗೋಡೆ ನೆಟ್ಟಗೆ ಇರೋದ್ರಿಂದ ಕೆರೆ ತರ ಅಂದಾಜು ಬೇಡ, 40 ಇಂಟು 25 ಅಂದ್ರೆ 1,000 ಚದರ ಮೀಟರ್, ನೀರು 1 ಸೆಂಟಿಮೀಟರ್ ಇಳಿದ್ರೆ 10,000 ಲೀಟರ್ ಹೋಯ್ತು ಅಂತ. ನವೆಂಬರ್ ಕೊನೆಗೆ 3 ಮೀಟರ್ ನಿಲ್ಲುತ್ತೆ, ಒಟ್ಟು 30 ಲಕ್ಷ ಲೀಟರ್. ಕೇಳೋಕೆ ದೊಡ್ಡದು. ಬೇಸಿಗೇಲಿ ಹುಲ್ಲು ದಿನಕ್ಕೆ 5 ಮಿಲಿಮೀಟರ್ ಆಸುಪಾಸು ನೀರು ಕುಡಿಯುತ್ತೆ, 1 ಗುಂಟೆಗೆ ಅದು 505 ಲೀಟರ್, ಗಾಳಿಗೆ ಹಾರಿದ್ದು ಅಂಚಿಗೆ ಬಿದ್ದಿದ್ದು ಸೇರಿಸಿ 650 ಅಂತ ಇಟ್ಕೊಳಿ, 150 ದಿನಕ್ಕೆ ಗುಂಟೆಗೆ ಹತ್ರ ಹತ್ರ 1 ಲಕ್ಷ ಲೀಟರ್. ಬಿಸಿಲಿಗೆ ಗುಂಡಿಯಿಂದಲೇ ಆವಿ ಆಗಿ ಹೋಗೋದು 7 ಲಕ್ಷ, ತಳದ ಒಂದು ಅಡಿ ಬರೀ ರಾಡಿ, ಅದು 3 ಲಕ್ಷ. ಉಳೀತು 20 ಲಕ್ಷ, ಅಂದ್ರೆ 20 ಗುಂಟೆ. ಜಾಗ ಎಷ್ಟಿದೆ ಅನ್ನೋದು ಲೆಕ್ಕಕ್ಕೇ ಬರಲ್ಲ ಇಲ್ಲಿ. ಉಳಿದ 20 ಗುಂಟೆಗೆ ಮಳೆ ನಂಬಿದ ಹುಲ್ಲು ಸಾಕು ಅಂತ ಬಿಟ್ಟೆ.

ಎಷ್ಟು ಬಿಡೋದು ಅನ್ನೋದಕ್ಕಿಂತ ಎಷ್ಟು ದಿನಕ್ಕೊಮ್ಮೆ ಅನ್ನೋದರಲ್ಲೇ ನಾನು ಮೊದಲ ವರ್ಷ ಸೋತಿದ್ದು. ಒಂದು ಡಬ್ಬಿಗೆ ನಮ್ಮ ಮಣ್ಣು ತುಂಬಿ, ತಳಕ್ಕೆ ತೂತು ಮಾಡಿ, ನೀರು ಹುಯ್ದು ರಾತ್ರಿ ಇಡೀ ಬಸಿಯೋಕೆ ಬಿಟ್ಟು ಬೆಳಿಗ್ಗೆ ತೂಗಿದೆ, ಅದರಲ್ಲಿ ನಾಲ್ಕು ಹುರುಳಿ ಹಾಕಿ ಬೆಳೆಸಿ ನೀರು ನಿಲ್ಲಿಸಿ ಗಿಡ ಬಾಡಿ ಏಳದೇ ಹೋದ ದಿನ ಮತ್ತೆ ತೂಗಿದೆ. ಅರ್ಧ ಅಡಿ ಮಣ್ಣಿಗೆ ಲೆಕ್ಕ ಹಾಕಿದ್ರೆ ಗಿಡಕ್ಕೆ ಸಿಗೋ ನೀರು 15 ಮಿಲಿಮೀಟರ್ ಅಷ್ಟೇ. ಅದರಲ್ಲಿ ಅರ್ಧ ಮುಗಿದ್ರೆ ಹುಲ್ಲು ಬೆಳೆಯೋದು ನಿಲ್ಲಿಸುತ್ತೆ. ಅಂದ್ರೆ ಒಂದೂವರೆ ದಿನ! ನಮ್ಮ ಸ್ಪ್ರಿಂಕ್ಲರ್ 12 ಮೀಟರ್ ಅಂತರದಲ್ಲಿ, ಒಂದೊಂದು ಗಂಟೆಗೆ 1,800 ಲೀಟರ್, ಗಂಟೆಗೆ 12.5 ಮಿಲಿಮೀಟರ್ ಮಳೆ ಬಿದ್ದಂಗೆ. ನಾಲ್ಕು ಗಂಟೆ ಬಿಟ್ಟಾಗ 50 ಮಿಲಿಮೀಟರ್, ಹಿಡಿಯೋ ತಾಕತ್ತು ಹೆಚ್ಚಂದ್ರೆ 15, ಉಳಿದ 35 ಕಲ್ಲಿನ ಮೇಲೆ ಹರಿದು ವಾಪಸ್ ಗುಂಡಿಗೋ ಬಿರುಕಿಗೋ ಹೋಯ್ತು. ಆಮೇಲೆ ಆರು ದಿನ ಹುಲ್ಲು ಉಪವಾಸ. ತೋಟದ ಮಣ್ಣು ಮೂರು ನಾಲ್ಕು ಅಡಿ ಆಳ, ಅದು ದೊಡ್ಡ ಹಂಡೆ, ಇದು ಲೋಟ. ಹಂಡೆಗೆ ವಾರಕ್ಕೊಂದು ಸಲ ತುಂಬಿದ್ರೆ ನಡೆಯುತ್ತೆ. ಈಗ ದಿನಾ ಬೆಳಗಿನ ಜಾವ, ಐದೈದು ಸ್ಪ್ರಿಂಕ್ಲರಿನ ಮೂರು ಸರದಿ, ಸರದಿಗೆ ಅರ್ಧ ಗಂಟೆ, ಒಟ್ಟು 13,500 ಲೀಟರ್. ಬದಲಾಯಿಸಿದ್ದು ಇಷ್ಟೇ, ಎಲೆ ಸುತ್ಕೊಳ್ಳೋದು ಅಲ್ಲಿಗೆ ನಿಂತುಹೋಯ್ತು. ಅಪ್ಪಯ್ಯ ಮೊದಲು ಒಪ್ಲಿಲ್ಲ, “ದಿನಾ ಚಿಮುಕ್ಸಿದ್ರೆ ಬೇರು ಮೇಲೇ ಉಳಿಯುತ್ತೆ ಮಾರಾಯ” ಅಂದ್ರು. ತೋಟಕ್ಕೆ ಅದು ನೂರಕ್ಕೆ ನೂರು ನಿಜ. ಇಲ್ಲಿ ಕೆಳಗೆ ಇಳಿಯೋಕೆ ಜಾಗ ಇಲ್ಲ ಅಪ್ಪಯ್ಯ ಅಂತ ಆ ಚಪ್ಪಟೆ ಬುಡ ತೋರಿಸಿದ್ಮೇಲೆ ಸುಮ್ಮನಾದ್ರು, ಈಗ ಬೆಳಗಿನ ವಾಲ್ವ್ ತಿರುಗಿಸೋದು ಅವರೇ.

ಸೋರಿಕೆ ಬಗ್ಗೆಯೂ ಹೇಳ್ಬೇಕು. 2021 ಡಿಸೆಂಬರಲ್ಲಿ ಮೋಟರ್ ಹಾಕೋ ಮುಂಚೆ ಒಂದು ಬಕೆಟ್ಟಿಗೆ ನೀರು ತುಂಬಿ ಗುಂಡಿ ಒಳಗೆ ಕಲ್ಲಿನ ಮೇಲೆ ಇಟ್ಟೆ, ಒಳಗಿನ ನೀರಿಗೂ ಹೊರಗಿನ ನೀರಿಗೂ ಗೆರೆ ಹಾಕಿದೆ. ಹತ್ತು ದಿನಕ್ಕೆ ಬಕೆಟ್ಟಲ್ಲಿ ಇಳಿದಿದ್ದು 4 ಸೆಂಟಿಮೀಟರ್, ಗುಂಡೀಲಿ 11. ಬಿಸಿಲಿಗೆ ಎರಡೂ ಒಂದೇ ತರ ಆರಬೇಕು, ಹೆಚ್ಚು ಇಳಿದ 7 ಸೆಂಟಿಮೀಟರ್ ಸೋರಿಕೆ, 70,000 ಲೀಟರ್. ಕೆಂಪುಕಲ್ಲಿನ ಕೆಳಗೆ ನಮ್ಮ ಕಡೆ ಶೇಡಿ ಮಣ್ಣಿನ (ಅಂಟು ಜೇಡಿ) ಪದರ ಬರುತ್ತಲ್ಲ, ಗುಂಡಿಯ ತಳ ಅದರಲ್ಲೇ ನಿಂತಿದೆ, ಅದಕ್ಕೇ ನೀರು ನಿಲ್ಲೋದು. ಆದ್ರೆ ಬಡಗಣ ಗೋಡೇಲಿ ಕಲ್ಲಿಗೂ ಶೇಡಿಗೂ ನಡುವೆ ಹೆಗ್ಗಣದ ಬಿಲದಷ್ಟು ದೊಡ್ಡ ತೂತು, ಕೈ ಹಾಕಿದ್ರೆ ಮೊಣಕೈ ತನಕ ಹೋಯ್ತು. ನೀರು ಇಳಿಯೋ ತನಕ ಕಾದು ಅಲ್ಲಿನ ಶೇಡಿಯನ್ನೇ ಕಾಲಲ್ಲಿ ತುಳಿದು ಮುದ್ದೆ ಮಾಡಿ, ಪದರ ಪದರ ಒತ್ತಿ, ಮೇಲೆ ಚಪ್ಪಡಿ ಇಟ್ಟೆ. ಮುಂದಿನ ವರ್ಷ ಬಕೆಟ್ಟಿಗೂ ಗುಂಡಿಗೂ ಹತ್ತು ದಿನಕ್ಕೆ ಅರ್ಧ ಸೆಂಟಿಮೀಟರ್ ವ್ಯತ್ಯಾಸ.

ಮೋಟರ್ ನೀರು ಎಳೆಯದೇ ಹೋಗಿದ್ದಕ್ಕೆ ಕಾರಣ ಮೋಟರಿನ ದೋಷ ಅಲ್ಲ. ಮೇಲೆ ಕೂರಿಸಿದ ಪಂಪು ನೀರನ್ನ ಎಳೆಯಲ್ಲ, ಗಾಳಿಯ ಒತ್ತಡ ನೀರನ್ನ ಮೇಲಕ್ಕೆ ತಳ್ಳೋದು, ಅದು ಆರೂವರೆ ಮೀಟರ್ ಆದ್ಮೇಲೆ ನಂಬೋ ಹಾಗಿಲ್ಲ. ನಮ್ಮ ಮೋಟರ್ ತುಂಬಿದ ನೀರಿಗಿಂತಲೇ 4 ಮೀಟರ್ ಮೇಲಿತ್ತು, ನೀರು ಎರಡೂವರೆ ಮೀಟರ್ ಇಳಿದ ದಿನ ಆಟ ಮುಗೀತು. ಅದಕ್ಕೆ ತೇಲೋ ತೆಪ್ಪ ಮಾಡ್ದೆ. 200 ಲೀಟರಿನ ನೀಲಿ ಡ್ರಮ್ಮು ನಾಲ್ಕು, ಮುಚ್ಚಳಕ್ಕೆ ಎಂ-ಸೀಲ್ ಮೆತ್ತಿ, ಒಂದೂವರೆ ಇಂಚಿನ ಜಿಐ ಪೈಪಲ್ಲಿ ಚೌಕಟ್ಟು ಮಾಡ್ಸಿ, ಡ್ರಮ್ಮಿಗೂ ಚೌಕಟ್ಟಿಗೂ ಹಳೇ ಲಾರಿ ಟ್ಯೂಬಿನ ಪಟ್ಟಿ ಬಿಗಿದೆ. ತಂತಿ ಬಿಗಿದ್ರೆ ಡ್ರಮ್ ಕತ್ತರಿಸುತ್ತೆ, ಟ್ಯೂಬು ಐದು ವರ್ಷ ಬರುತ್ತೆ ಅಂತ ಟೈರ್ ಅಂಗಡಿಯವರು ಹೇಳಿಕೊಟ್ಟಿದ್ದು, ನಾಲ್ಕನೇ ವರ್ಷ ನಡೀತಿದೆ ಇನ್ನೂ ಗಟ್ಟಿ ಇದೆ. ಮಧ್ಯದಲ್ಲಿ 3 ಎಚ್‌ಪಿ ಓಪನ್‌ವೆಲ್ ಸಬ್‌ಮರ್ಸಿಬಲ್ ಮೋಟರನ್ನ ಸರಪಳೀಲಿ ನೀರಿನ ಮೇಲ್ಮೈಯಿಂದ ಒಂದೂವರೆ ಅಡಿ ಕೆಳಗೆ ನೇತು ಹಾಕಿದೆ. ನೀರು ಇಳಿದಷ್ಟೂ ತೆಪ್ಪ ಇಳಿಯುತ್ತೆ, ಎಳೆಯೋ ಮಾತೇ ಇಲ್ಲ, ತಳ್ಳೋದು ಮಾತ್ರ. ತೆಪ್ಪದಿಂದ ದಡಕ್ಕೆ 63 ಎಂಎಂ ಎಚ್‌ಡಿಪಿಇ ಪೈಪು ಉದ್ದ ಬಿಟ್ಟು ಬಳಸಿ ಹಾಕಿದೀನಿ, ಬಾಗೋಕೆ ಜಾಗ ಬೇಕು. ಮೇ ತಿಂಗಳಲ್ಲಿ ತೆಪ್ಪ ರಾಡಿಗೆ ಕೂರಬಾರ್ದು ಅಂತ ಮೋಟರಿನ ಕೆಳಗೆ ಒಂದು ಅಡಿಯ ಕಾಲು ಬೆಸುಗೆ ಹಾಕ್ಸಿದೆ.

ಕರೆಂಟಿನ ವಿಷಯ ದಯವಿಟ್ಟು ಹಗುರ ತಗೋಬೇಡಿ. ನೀರಲ್ಲಿರೋ ಮೋಟರಿಗೆ ಇಎಲ್‌ಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಹಾಕದೆ, ಬೇರೆ ಅರ್ಥಿಂಗ್ ಗುಂಡಿ ಮಾಡದೆ ಕನೆಕ್ಷನ್ ಕೊಡಬೇಡಿ, ಕೇಬಲ್ಲಿಗೆ ನೀರೊಳಗೆ ಜಾಯಿಂಟ್ ಬೇಡವೇ ಬೇಡ, ತೆಪ್ಪದ ಹತ್ರ ಹೋಗ್ಬೇಕು ಅಂದ್ರೆ ಮೇಲೆ ಹೋಗಿ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡು ಇಳೀರಿ. ನಮ್ಮನೇಲಿ ಫ್ಯೂಸ್ ಜೇಬಲ್ಲಿ ಇಲ್ದೆ ಯಾರೂ ನೀರಿಗೆ ಇಳಿಯೋ ಹಾಗಿಲ್ಲ, ನಾನೂ ಸೇರಿ.

ಹುಲ್ಲಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ನೇಪಿಯರ್ ಬಿಟ್ಟೆ, ಅದಕ್ಕೆ ಆಳದ ಮಣ್ಣು, ಹೊಟ್ಟೆ ತುಂಬ ಗೊಬ್ಬರ ಬೇಕು. ಸಿಗ್ನಲ್ ಹುಲ್ಲು ಹಾಕಿದೆ, ಬ್ರೇಕಿಯೇರಿಯಾ ಅಂತಾರಲ್ಲ ಅದು, ಹುಳಿ ಮಣ್ಣು ಅಲ್ಯೂಮಿನಿಯಂ ತಡ್ಕೊಳ್ಳುತ್ತೆ, ನೆಲದ ಮೇಲೆ ಹರಡಿ ಗಂಟು ಗಂಟಿಗೆ ಬೇರು ಬಿಡುತ್ತೆ, ದನ ತುಳಿದ್ರೂ ಸಾಯಲ್ಲ. ಸೆಪ್ಟೆಂಬರಲ್ಲಿ ಬೇರು ಸಮೇತ ಸಿಗಿದು ಒಂದೊಂದು ಅಡಿಗೆ ನೆಟ್ವಿ. ಸಾಲಿನ ಮಧ್ಯೆ ಸ್ಟೈಲೋ ಬೀಜ, ಅದು ಬೇಳೆ ಜಾತಿ, ಗಾಳಿಯ ಸಾರಜನಕ ಹಿಡಿದು ಕೊಡುತ್ತೆ, ಬೀಜದ ಸಿಪ್ಪೆ ಗಟ್ಟಿ, ಹಾಗಾಗಿ ಕುದಿಯೋಕೆ ಮುಂಚಿನ ಬಿಸಿನೀರಲ್ಲಿ ನಾಲ್ಕು ನಿಮಿಷ ಇಟ್ಟು, ಆಮೇಲೆ ತಣ್ಣೀರಲ್ಲಿ ರಾತ್ರಿ ನೆನೆಸಿ ಬಿತ್ತಬೇಕು. ಕುರಿ ಮೇಕೆ ಇರೋರು ಮಾತ್ರ ಸಿಗ್ನಲ್ ಹುಲ್ಲನ್ನೇ ಹೊಟ್ಟೆ ತುಂಬ ಕೊಡೋಕೆ ಹೋಗ್ಬೇಡಿ, ಅವಕ್ಕೆ ಬಿಸಿಲಿಗೆ ಚರ್ಮ ಸುಟ್ಟಂಗೆ ಆಗೋ ತೊಂದರೆ ಬರುತ್ತೆ.

2022 ಫೆಬ್ರವರೀಲಿ ಹುಲ್ಲಿನ ಮಧ್ಯೆ ದುಂಡು ದುಂಡು ಒಣ ಮಚ್ಚೆ ಕಾಣ್ತು. ಸ್ಪ್ರಿಂಕ್ಲರ್ ತಿರುಗ್ತಿದೆ ಆದ್ರೆ ದೂರ ಹಾರ್ತಿಲ್ಲ. ನಾಝಲ್ ಬಿಚ್ಚಿದ್ರೆ ಒಳಗೆ ಕೆಂಪು ಕೆಂಪು ಲೋಳೆ, ಬೆರಳಿಗೆ ತಿಕ್ಕಿದ್ರೆ ಕುಂಕುಮದ ಬಣ್ಣ, ಮೂಸಿದ್ರೆ ತುಕ್ಕಿನ ವಾಸನೆ. ಕಬ್ಬಿಣದ ನೀರು, ಅದ್ರಲ್ಲಿ ಬೆಳೆಯೋ ಪಾಚಿ ತರದ್ದು. ಡಿಸ್ಕ್ ಫಿಲ್ಟರ್ ಹಾಕಿದೆ, ಮೂರು ದಿನಕ್ಕೊಮ್ಮೆ ಕಟ್ಕೊಳ್ಳೋಕೆ ಶುರು. ಕೊನೆಗೆ ಹೊಳೆದಿದ್ದು ಬೇರೆ ದಾರಿ, ಮೋಟರ್ ಸುತ್ತ ಪ್ಲಾಸ್ಟಿಕ್ ಕ್ರೇಟ್ ಇಟ್ಟು ಅದಕ್ಕೆ ಸೊಳ್ಳೆ ಪರದೆ ಬಟ್ಟೆ ಎರಡು ಸುತ್ತು ಸುತ್ತಿದೆ. ಬಟ್ಟೆ ಅಗಲ ಜಾಸ್ತಿ, ಎಳೆತ ನಿಧಾನ, ಲೋಳೆ ಹೊರಗೇ ಅಂಟ್ಕೊಳುತ್ತೆ, ಹದಿನೈದು ದಿನಕ್ಕೊಮ್ಮೆ ಬಟ್ಟೆ ತೆಗೆದು ಒಗೆದ್ರೆ ಆಯ್ತು. ಫಿಲ್ಟರ್ ಈಗ ತಿಂಗಳಿಗೊಮ್ಮೆ. ಪೈಪಿನ ಕೊನೆ ಮುಚ್ಚಳ ವಾರಕ್ಕೊಮ್ಮೆ ಬಿಚ್ಚಿ ಎರಡು ನಿಮಿಷ ನೀರು ಬಿಡ್ಲೇಬೇಕು, ಮೊದಲು ಬರೋ ನೀರು ಟೊಮೆಟೊ ಸಾರಿನ ಹಾಗೆ ಇರುತ್ತೆ.

ಮಳೆಗಾಲ ಬೇರೆಯೇ ಕಥೆ. 2022 ಜುಲೈಲಿ ಮೂರು ದಿನ ಬಿಡದೆ ಹೊಡೀತು, ಮೇಲಿನ ಗುಡ್ಡದ ನೀರು ಕ್ವಾರಿ ಗೋಡೆಯಿಂದ ಧುಮುಕಿ ಒಂದು ಗುಂಟೆಯ ಮಣ್ಣನ್ನ ಪೂರ್ತಿ ಎತ್ಕೊಂಡು ಗುಂಡಿಗೆ ಹಾಕ್ತು. ಮಾರನೇ ದಿನ ಅಲ್ಲಿ ನಿಂತ್ರೆ ಕಾಲಡಿ ಕಲ್ಲು, ರಿಪ್ಪರಿನ ಗೀರು ಸಮೇತ ಕಾಣ್ತಿತ್ತು. ಅಮ್ಮ ಮಾತಾಡದೆ ಪುಟ್ಟಿ ತಗೊಂಡು ಅಂಚಿನ ಮಣ್ಣು ಹೊರೋಕೆ ಶುರು ಮಾಡಿದ್ರು. ಗೋಡೆ ಮೇಲಿನ ಅಂಚಿಂದ ಹತ್ತಡಿ ಹಿಂದಕ್ಕೆ ಅಗಳು ತೆಗೆದು ಗುಡ್ಡದ ನೀರನ್ನ ಸುತ್ತಿಸಿ ಗುಂಡಿಯ ಇನ್ನೊಂದು ಕಡೆ ಬಿಟ್ವಿ, ಅಗಳಿನ ಏರಿ ಮೇಲೆ ಗ್ಲಿರಿಸಿಡಿಯಾ ಗೂಟ ನೆಟ್ವಿ. ಆಮೇಲೆ ಕೊಚ್ಚಿಲ್ಲ. ಜುಲೈ ಆಗಸ್ಟಲ್ಲಿ ದನಾನ ಒಳಗೆ ಬಿಡಲ್ಲ, ಹಸಿ ಇದ್ದಾಗ ಗೊರಸು ಒತ್ತಿದ್ರೆ ಅರ್ಧ ಅಡಿ ಮಣ್ಣು ಕಲಸಿ ಮತ್ತೆ ಗಟ್ಟಿ ಆಗುತ್ತೆ, ಆಗ ಕುಯ್ದು ಕೊಟ್ಟಿಗೆಗೆ ಹಾಕ್ತೀವಿ.

ಬೇಸಿಗೇಲಿ ಮೇಯಿಸೋದು ಹೀಗೆ: 20 ಗುಂಟೇನ ಐಬೆಕ್ಸ್ (ಮುಟ್ಟಿದ್ರೆ ಸಣ್ಣ ಶಾಕ್ ಹೊಡೆಯೋ) ತಂತಿ ಬೇಲೀಲಿ ಏಳು ಪಾಲು ಮಾಡಿದೀನಿ, ಪಾಲಿಗೆ ನಾಲ್ಕು ದಿನ, 28 ದಿನಕ್ಕೆ ವಾಪಸ್ ಮೊದಲನೇ ಪಾಲು. ಹುಲ್ಲು ಒಂದು ಅಡಿ ದಾಟಿದಾಗ ಒಳಗೆ, ನಾಲ್ಕು ಇಂಚಿಗೆ ಇಳಿದಾಗ ಹೊರಗೆ. ನಾಲ್ಕು ಇಂಚಿಗಿಂತ ಕೆಳಗೆ ತಿನ್ನಿಸಿದ್ರೆ ಮುಂದಿನ ಸುತ್ತು ಹತ್ತು ದಿನ ತಡ, ಇದು ಎರಡು ಸಲ ನೋಡಿದ್ದು. ಒಂದು ಮೀಟರ್ ಚೌಕ ಕಟ್ಟಿಗೆ ಚೌಕಟ್ಟು ಇಟ್ಟು ನಾಲ್ಕು ಇಂಚಿನ ಮೇಲಿನ ಹುಲ್ಲು ಕುಯ್ದು ತೂಗ್ತೀನಿ, ಈ ವರ್ಷ ಸರಾಸರಿ 1.4 ಕೇಜಿ ಬಂದಿದೆ, ಅಂದ್ರೆ ದಿನಕ್ಕೆ ಸುಮಾರು 100 ಕೇಜಿ ಹಸಿಹುಲ್ಲು. ಮಲೆನಾಡು ಗಿಡ್ಡ, ನಮ್ಮ ಕಡೆಯ ಸಣ್ಣ ನಾಟಿ ತಳಿ, ಅದು ಒಂದಕ್ಕೆ 15 ಕೇಜಿ ಸಾಕು, ನಮ್ಮ ಕೆಂಪಿ, ಗೌರಿ, ಬೆಳ್ಳಿ ಮೂರಕ್ಕೂ 45, ಜರ್ಸಿ ಕ್ರಾಸ್ ಒಂದಕ್ಕೇ 50. ಕರುಗಳಿಗೆ ಬೈಹುಲ್ಲು, ಅಕ್ಕಚ್ಚು. ಇನ್ನೊಂದು ದನ ತರೋಣ ಅಂತ ಅಪ್ಪಯ್ಯ ಎರಡು ಸಲ ಹೇಳಿದಾರೆ, ನೀರಿನ ಲೆಕ್ಕ ತೋರಿಸಿ ಬೇಡ ಅಂದಿದೀನಿ. ಗುಂಡಿ ಅಂಚಿಗೆ ಮಾತ್ರ ಐಬೆಕ್ಸ್ ನಂಬಿಲ್ಲ, ಗಿಡ್ಡ ದನ ತಂತಿ ಕೆಳಗೆ ನುಸುಳುತ್ತೆ, ಅಲ್ಲಿ ಕಲ್ಲುಕಂಬ ಹುಗಿದು ಐದು ಸಾಲು ಮುಳ್ಳುತಂತಿ.

ಉಣುಗು ಪೂರ್ತಿ ಹೋಗಿಲ್ಲ, ಬೇಲಿಯಂಚಿನ ಪೊದೇಲಿ ಇರುತ್ತೆ, ಅದಕ್ಕೇ ಅಂಚಿನ ಲಂಟಾನ ಸವರಿ ಹತ್ತಡಿ ಬೋಳು ಮಾಡಿದೀವಿ, ಹದಿನೈದು ದಿನಕ್ಕೊಮ್ಮೆ ದನದ ಕಿವಿ ಒಳಗೆ, ಕೆಚ್ಚಲ ಸಂದಿ, ಬಾಲದ ಬುಡ ನೋಡ್ತೀವಿ. 2020ರಲ್ಲಿ ಗೌರಿ ಒಂದು ಕಿವೀಲೇ ಇಪ್ಪತ್ತು ಮೂವತ್ತು ಕಿತ್ತಿದ್ದು ನೆನಪಿದೆ, ಈ ಮಾರ್ಚಲ್ಲಿ ನಾಲ್ಕೂ ದನ ಸೇರಿ ಹನ್ನೊಂದು ಸಿಕ್ತು. ಅಮ್ಮ ಈ ಬೇಸಿಗೇಲಿ ಒಂದು ದಿನವೂ ದನ ಹೊಡ್ಕೊಂಡು ಕಾಡಿಗೆ ಹೋಗಿಲ್ಲ. ದರಕು ಮಾತ್ರ ಇನ್ನೂ ಬೇಕು ಕೊಟ್ಟಿಗೆಗೆ, ಅದಕ್ಕೆ ನಾನು ಹೋಗ್ತೀನಿ, ಗಮ್‌ಬೂಟ್ ಹಾಕ್ಕೊಂಡು.

ಬಾಕಿ ಇರೋದು ಮೂಡಣ ಮೂಲೆ, ಒಂದೂವರೆ ಗುಂಟೆ. ಅಲ್ಲಿ ಬರೀ ಮಿಷನ್ನಿನ ಕೆಂಪು ಪುಡಿ, ನಾಲ್ಕು ವರ್ಷದಿಂದ ಸಿಗ್ನಲ್ ಹುಲ್ಲು ಗೇಣು ಬಿಟ್ಟು ಏಳ್ತಿಲ್ಲ. ಈ ಮೇ ಕೊನೇಲಿ ಅಲ್ಲಿಗೆ ಎಂಟು ಲೋಡು ಗೋಡು ಹಾಕಿ ಸೆಣಬಿಂದ ಶುರು ಮಾಡ್ಬೇಕು, ಗೋಡಿಗೆ ಮಾತಾಡಿ ಆಗಿದೆ. ಗುಂಡಿ ಗೋಡೆ ಮೇಲೆ ಬಿಳಿ ಬಣ್ಣದಲ್ಲಿ ಅಳತೆ ಬರೆದಿದೀನಿ, ದಿನಕ್ಕೆ 1.8 ಸೆಂಟಿಮೀಟರ್ ಇಳೀಬೇಕು, ಆ ಲೆಕ್ಕಕ್ಕೆ ಮೊನ್ನೆ 2025 ಏಪ್ರಿಲ್ 28ಕ್ಕೆ 59 ಸೆಂಟಿಮೀಟರ್ ನೀರು ಇರ್ಬೇಕಿತ್ತು. ನಡುವೆ ಮೂರು ಅಡ್ಡಮಳೆ ಬಂದು ಒಂಬತ್ತು ದಿನ ಮೋಟರ್ ಹಾಕ್ಲಿಲ್ಲ, 72 ಇದೆ.